ಪಕ್ಕಾಸಿಗೆ ಕಟ್ಟಿದ ಸೌತೆ

ಸೌತೆಕಾಯಿ ಕೊಳೆಯುತ್ತದೆ ಎಂಬ ವಿಷಯ ನನಗೆ ತಿಳಿದದ್ದು ಮದುವೆಯಾಗಿ ಹದಿನೆಂಟು ವರ್ಷಗಳ ಮೇಲೆ. ನಗಬೇಡಿ. ನೆಕ್ರಾಜೆಯ ನಮ್ಮ ಮನೆಯಲ್ಲಿ, ಬೇಸಿಗೆಯಲ್ಲಿ ಗದ್ದೆಯಿಂದ ಬಂದ ಸಾಂಬಾರ್ ಸೌತೆಯನ್ನು ಅತ್ತೆ ಒಂದೊಂದಾಗಿ ಬಾಳೆನಾರಿನಲ್ಲಿ ಬಿಗಿದು, ಅಡುಗೆಮನೆಯ ಮಾಡಿನ ಹಂಚು ಹೊತ್ತ ಮರದ ಪಕ್ಕಾಸಿಗೆ ನೇತುಹಾಕುತ್ತಿದ್ದರು. ಮಳೆಗಾಲ ಮುಗಿಯುವವರೆಗೂ ಅವು ನಮ್ಮ ತಲೆಯ ಮೇಲೆ ಹಳದಿಯಾಗಿ ತೂಗುತ್ತಿದ್ದವು. ಒಂದಾದರೂ ಕೊಳೆತದ್ದನ್ನು ನಾನು ಕಂಡಿರಲಿಲ್ಲ.

ಹೋದ ವರ್ಷ ಮಳೆ ಹಿಡಿಯುವ ಹೊತ್ತಿಗೆ ಅತ್ತೆಗೆ ಮಂಡಿಯ ಆಪರೇಷನ್ ಆಯಿತು. ಅವರು ಕಾಸರಗೋಡಿನಲ್ಲಿರುವ ಮಗಳ ಮನೆಯಲ್ಲಿ ಕೆಲವು ತಿಂಗಳು ಉಳಿಯಬೇಕಾಯಿತು. ಹೊರಡುವಾಗ ಮೂಲೆಯ ದಪ್ಪ ಕಾಯಿಯನ್ನು ತೋರಿಸಿ, "ಅದು ಬೀಜಕ್ಕೆ. ನಾನು ಬರುವವರೆಗೆ ನೋಡಿಕೋ" ಎಂದರು. ಆ ತಳಿ ಅವರ ಅತ್ತೆಯ ಕಾಲದ್ದು. ಬೀಜಕ್ಕೆಂದು ಉಳಿಸಿದ್ದು ಅದೊಂದೇ.

ಹತ್ತು ದಿನವೂ ಕಳೆದಿರಲಿಲ್ಲ, ಒಂದು ಸೌತೆ ಟಪ್ಪೆಂದು ನೆಲಕ್ಕೆ ಬಿದ್ದು ಒಡೆಯಿತು. ಮೂಗು ಮುಚ್ಚಿಕೊಂಡು ಬಳಿದು ಹಾಕಿದೆ. ಮರುದಿನ ಇನ್ನೊಂದು, ಆಮೇಲೆ ಅದರ ಪಕ್ಕದ್ದು. ಅದೇ ಗದ್ದೆ, ಅದೇ ನಾರು, ಅತ್ತೆಯೇ ಹಾಕಿದ ಗಂಟು. ನನಗೆ ತಲೆಬುಡ ತಿಳಿಯಲಿಲ್ಲ.

ಕೃಷಿಭವನದಲ್ಲಿ ಕೇಳಿದರೆ ಗಾಳಿಯಾಡಬೇಕು ಎಂದರು. ಕಿಟಕಿ ತೆರೆದಿಟ್ಟೆ, ಮಳೆಯ ಇರಚಲು ಒಳಗೆ ಬಂತು. ಬೋವಿಕಾನದ ತರಕಾರಿ ಅಂಗಡಿಯವರು, "ಗಾಳಿ ಎಂತಕ್ಕೆ ಅಕ್ಕಾ? ಹೊಗೆ ಬೇಕು. ಗ್ಯಾಸಿನ ಅಡುಗೆಮನೆಯಲ್ಲಿ ಸೌತೆ ನಿಲ್ಲುವುದುಂಟಾ?" ಎಂದು ನಕ್ಕರು. ಹಳೆಯ ಒಲೆ ಹಚ್ಚಿದೆ, ನನಗೇ ಕೆಮ್ಮು ಹಿಡಿಯಿತು. "ಫ್ರಿಜ್ಜಿಗೆ ಹಾಕು ಮಾರಾಯ್ತಿ" ಎಂದರು ಗಂಡ. ಹಾಕಿದ ನಾಲ್ಕೂ ಮೈಯೆಲ್ಲ ಗುಳಿಬಿದ್ದು ಲೋಳೆಯಾದವು. ಯಾರು ಹೇಳಿದ್ದೂ ಸುಳ್ಳೆನಿಸಲಿಲ್ಲ, ಯಾವುದರಿಂದಲೂ ಪ್ರಯೋಜನವಾಗಲಿಲ್ಲ. ಬೀಜದ ಕಾಯಿಯನ್ನು ಮುಟ್ಟಲು ಮಾತ್ರ ಧೈರ್ಯ ಬರಲಿಲ್ಲ. ದಿನಕ್ಕೆ ಹತ್ತು ಸಲ ಕೆಳಗಿನಿಂದಲೇ ಕತ್ತೆತ್ತಿ ನೋಡುತ್ತಿದ್ದೆ. ಅತ್ತೆ ಫೋನಿನಲ್ಲಿ ವಿಚಾರಿಸಿದರೆ, "ಎಲ್ಲ ಸರಿ ಉಂಟು" ಎನ್ನುತ್ತಿದ್ದೆ.

ಅತ್ತೆ ಮರಳಿದ ದಿನ ಕೋಲೂರಿಕೊಂಡು ನೇರ ಅಡುಗೆಮನೆಗೇ ಬಂದರು. ಮೂಲೆಯ ಬೀಜದ ಕಾಯಿ ಬಿಟ್ಟರೆ ಪಕ್ಕಾಸಿನ ತುಂಬ ಬರಿಯ ನಾರು. ಎಲ್ಲ ಹೇಳಿ, "ನೀವು ಎಂತ ಮಾಡ್ತಿದ್ದದ್ದು ಅತ್ತೆ? ನಿಮ್ಮದು ಒಂದೂ ಕೊಳೀತಿರಲಿಲ್ಲ" ಎಂದೆ.

"ಕೊಳೀತಿರಲಿಲ್ಲ ಅಂತ ನಿನಗೆ ಯಾರು ಹೇಳಿದ್ದು?" ಅವರಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ಬೆಳಿಗ್ಗೆ ಎದ್ದು ಒಂದೊಂದನ್ನೂ ಒತ್ತಿ ನೋಡ್ತಿದ್ದೆ. ಮೆತ್ತಗಾದದ್ದನ್ನು ಅವತ್ತೇ ಅಡಿಗೆ ಮಾಡ್ತಿದ್ದೆ. ಅಷ್ಟೇ."

ಅದಕ್ಕೇ ಒಮ್ಮೊಮ್ಮೆ ಮೂರು ದಿನ ಬಿಡದೆ ಸೌತೆ ಹುಳಿ, ಸೌತೆ ಪಲ್ಯ, ಬೆಳಗಿಗೆ ಸೌತೆ ದೋಸೆ. ಈ ಮನೆಯಲ್ಲಿ ಬೇರೆ ತರಕಾರಿಗೆ ಬರವೇ, ನಿಮ್ಮಮ್ಮನದು ಎಂಥ ಜಿಪುಣತನ ಎಂದು ಗಂಡನ ಹತ್ತಿರ ಎಷ್ಟು ಸಲ ಗೊಣಗಿದ್ದೆನೋ. ಕೊಳೆಯಬೇಕಾದದ್ದನ್ನೆಲ್ಲ ಹದಿನೆಂಟು ವರ್ಷ ನಾನೇ ಉಂಡಿದ್ದೆ.

"ಬೀಜದ್ದು ಇಳಿಸು" ಎಂದರು ಅತ್ತೆ. ಸ್ಟೂಲು ಹತ್ತಿ ಮೊದಲ ಸಲ ಅದನ್ನು ಮುಟ್ಟಿದೆ. ತೊಟ್ಟಿನ ಬಳಿ ಹೆಬ್ಬೆರಳು ಒಳಗಿಳಿಯಿತು. ಇಳಿಸಿ, ಕೈಯಲ್ಲಿ ಹಿಡಿದು ನಿಂತೆ.

"ನಿಂತು ನೋಡುವುದೆಂತ? ಈಗಲೇ ಕೊಯ್ಯಿ."

ತೊಟ್ಟಿನ ಕಡೆ ನೀರಾಗಿತ್ತು. ಉಳಿದರ್ಧದಲ್ಲಿ ಬೀಜ ಗಟ್ಟಿಯಿತ್ತು. ಇನ್ನೆರಡು ದಿನ ಹೆದರಿಕೊಂಡೇ ಇದ್ದಿದ್ದರೆ ಅದೂ ಇರುತ್ತಿರಲಿಲ್ಲ. ತೊಳೆದು ಬೂದಿಯಲ್ಲಿ ಹೊರಳಿಸಿ ಒಣಗಿಸಿದೆವು.

ಗಾಳಿ ಸರಿಯೋ ಹೊಗೆ ಸರಿಯೋ, ನನಗೆ ಇವತ್ತಿಗೂ ಗೊತ್ತಿಲ್ಲ. ಈ ವರ್ಷ ಆ ಬೀಜದಿಂದ ಬೆಳೆದ ಕಾಯಿಗಳು ಪಕ್ಕಾಸಿನಲ್ಲಿವೆ. ಬೆಳಿಗ್ಗೆ ಸ್ಟೂಲು ಹತ್ತಿ ಒತ್ತಿ ನೋಡುವುದು ನನ್ನ ಕೆಲಸ. ಮೊನ್ನೆ ಊಟಕ್ಕೆ ಕುಳಿತ ಗಂಡ ಮೇಲೆ ನೋಡಿ, "ಈ ಸಲ ಒಂದೂ ಕೊಳೀಲಿಲ್ಲ ಅಲ್ವಾ?" ಎಂದರು. ಆಮೇಲೆ ತಟ್ಟೆ ನೋಡಿ, "ಇವತ್ತೂ ಸೌತೆ ಹುಳಿಯಾ?" ಎಂದು ಮುಖ ಗಂಟಿಕ್ಕಿದರು.

ಅತ್ತೆ ನನ್ನ ಮುಖ ನೋಡಿದರು. ನಾನು ಗಂಡನಿಗೆ ಇನ್ನೊಂದು ಸೌಟು ಬಡಿಸಿದೆ.