ಜೈಲಿಗೆ ಬಂದ ಮುಯ್ಯಿ

ಮಕ್ಕಳೇ, ನೀವು ಕುಣಿಗಲ್ ತಾತ ಎಂದು ಕರೆಯುವ ನನ್ನ ತಮ್ಮ ಜೈಲಿಗೆ ಹೋಗಿದ್ದನ್ನು ನಿಮ್ಮಪ್ಪ ನಿಮ್ಮಿಂದ ಮುಚ್ಚಿಟ್ಟಿದ್ದಾನೆ. ಮುಚ್ಚಿಡುವಂಥದ್ದೇನೂ ಇಲ್ಲ. ಪಕ್ಕದ ತೋಟದವನ ತೆಂಗಿನ ಗರಿ ಪದೇ ಪದೇ ಇವನ ಕೊಟ್ಟಿಗೆ ಮೇಲೆ ಬೀಳುತ್ತಿತ್ತು. ಒಂದು ದಿನ ಇವನು ಬಿದ್ದ ಗರಿಯನ್ನು ಎತ್ತಿಕೊಂಡು ಹೋಗಿ ಅವನ ತಲೆಗೇ ವಾಪಸು ಮಾಡಿದ. ಅವನಿಗೆ ಹೊಲಿಗೆ ಬಿತ್ತು, ಇವನನ್ನು ತುಮಕೂರು ಜೈಲಿಗೆ ಹಾಕಿದರು.

ಲಾಯರು ಜಾಮೀನಿಗೆ ಓಡಾಡುತ್ತಿದ್ದರು. ತಮ್ಮ ಅವರ ಕೈಲಿ ಒಂದು ಮಾತು ಹೇಳಿ ಕಳಿಸಿದ: "ಅಕ್ಕಂಗೂ ನಾನು ಬ್ಯಾಡವಾದ್ನಾ?"

ನಮ್ಮವ್ವ ಬೇಗ ತೀರಿಕೊಂಡ ಮೇಲೆ ಅವನಿಗೆ ಉಣ್ಣಿಸಿ ಬೆಳೆಸಿದವಳು ನಾನು. ಆ ಮಾತು ಕೇಳಿದ ಮೇಲೆ ನನಗೆ ತುತ್ತು ಇಳಿಯಲಿಲ್ಲ. ನಾನು ಹೋಗದೇ ಇದ್ದದ್ದು ಸಿಟ್ಟಿನಿಂದಲ್ಲ, ಸಂಕೋಚದಿಂದ. ಗುಬ್ಬಿ ಬಸ್ಸಿನಲ್ಲಿ ಕಂಡಕ್ಟರು ಚಿಲ್ಲರೆ ಕೊಡದಿದ್ದರೂ ಕೇಳದೆ ಇಳಿಯುವವಳು ನಾನು. ಅಂಥವಳು ಪೊಲೀಸರ ಮುಂದೆ ನಿಂತು ಏನೆಂದು ಮಾತಾಡಲಿ?

ತಮ್ಮನ ಹೆಂಡತಿ ಧೈರ್ಯ ಹೇಳಿದಳು. ಕೈದಿಯ ಹೆಸರಿನಲ್ಲಿ ಮನೆಯವರು ದುಡ್ಡು ಕಟ್ಟಬಹುದಂತೆ, ಆ ದುಡ್ಡಿಗೆ ಒಳಗಿನ ಕ್ಯಾಂಟೀನಿನಲ್ಲಿ ಟೀ, ಬನ್ನು, ಸೋಪು ಸಿಗುತ್ತದಂತೆ. ಹೊರಗಿದ್ದಾಗ ಬ್ಯಾಂಕಿನವರು ಖಾತೆ ತೆರೆಯಲು ಇವನನ್ನು ಅಲೆದಾಡಿಸಿ ಸಾಕುಮಾಡಿದ್ದರು. ಜೈಲಿನವರು ಕೇಳದೆಯೇ ತೆರೆದುಕೊಟ್ಟಿದ್ದರು.

ಅವಳು ಕುಣಿಗಲ್ಲಿಂದ ಬಂದಳು, ನಾನು ಗುಬ್ಬಿಯಿಂದ ಹೋದೆ. ಜೈಲಿನ ದುಡ್ಡು ಕಟ್ಟುವ ಕಿಟಕಿಯ ಮುಂದೆ ಬಂದವರಿಗೆಲ್ಲ ದಾರಿ ಬಿಟ್ಟುಕೊಟ್ಟು ಕೊನೆಗೆ ನಾನು ದುಡ್ಡು ಚಾಚಿದೆ. ಗುಮಾಸ್ತ ತಮ್ಮನ ಲೆಕ್ಕ ನೋಡಿದ.

"ಆಗಲ್ಲ ಅಜ್ಜಿ. ತಿಂಗ್ಳಿಗೆ ಇಷ್ಟೇ ಅಂತ ರೂಲ್ಸು. ಇವ್ರುದು ತುಂಬೋಗೈತೆ."

"ಯಾರು ತುಂಬ್ಸುದ್ರು ಸ್ವಾಮಿ?"

"ಹೆಬ್ಬೂರಿಂದ ಚಿಕ್ಕಪ್ಪನ ಮಗ, ಕಡಬದಿಂದ ಷಡ್ಡಕ, ಕುಣಿಗಲ್ಲಿಂದ ಮೂರ್ನಾಕು ಜನ, ಎಲ್ಲಾ ಮನಿಯಾರ್ಡರಲ್ಲಿ. ಅದ್ಸರಿ, ಎಲ್ರೂ ಕೊನೇಲಿ ಒಂದೊಂದು ರೂಪಾಯಿ ಸೇರ್ಸವ್ರಲ್ಲ, ಯಾಕೆ?"

ಆ ಒಂದು ರೂಪಾಯಿ ಕೇಳಿದೊಡನೆ ನನಗೆ ಎಲ್ಲ ಅರ್ಥವಾಯಿತು. ಮದುವೆಮನೆಯಲ್ಲಿ ಹಾಗೆಯೇ ಉಡುಗೊರೆ ದುಡ್ಡಿಗೆ ಒಂದು ರೂಪಾಯಿ ಸೇರಿಸಿ ಮುಯ್ಯಿ ಓದಿಸುವುದು. ನಮ್ಮ ಮನೆಯ ಮದುವೆಗೆ ನೀವು ಹಾಕಿದ್ದನ್ನು ನಿಮ್ಮ ಮನೆಯ ಮದುವೆಗೆ ನಾವು ಚೂರು ಮೇಲೆ ಹಾಕಿ ತೀರಿಸಬೇಕು, ಇಲ್ಲದಿದ್ದರೆ ಮರ್ಯಾದೆ ಹೋಗುತ್ತದೆ. ನನ್ನ ತಮ್ಮ ಕಂಡಕಂಡವರ ಮದುವೆಗೆಲ್ಲ ಧಾರಾಳವಾಗಿ ಮುಯ್ಯಿ ಹಾಕಿದವನು. ಅವನಿಗೆ ಮಕ್ಕಳಿಲ್ಲ. ಆ ಮನೆಯಲ್ಲಿ ನಾಮಕರಣವಿಲ್ಲ, ಮದುವೆಯಿಲ್ಲ, ತೀರಿಸೋಣವೆಂದರೆ ಯಾರಿಗೂ ಒಂದು ಸಂದರ್ಭ ಸಿಕ್ಕಿರಲಿಲ್ಲ. ಈಗ ಸಿಕ್ಕಿತ್ತು. ಅವನನ್ನು ನೋಡಲು ಒಬ್ಬರೂ ಬಂದಿರಲಿಲ್ಲ, ಮುಯ್ಯಿ ಮಾತ್ರ ತಪ್ಪದೆ ಬಂದಿತ್ತು.

"ಕೊನೇಲಿ ಒಬ್ರು ಖುದ್ದಾಗಿ ಬಂದಿದ್ರು," ಎಂದ ಗುಮಾಸ್ತ. "ಇವ್ರಿಗೆ ನೀವೇನಾಗ್ಬೇಕು ಅಂದ್ರೆ ಪಕ್ಕದ್ ತೋಟದೋನು ಅಂದ್ರು. ತಲೆಗೆ ಪಟ್ಟಿ ಕಟ್ಕಂಡಿದ್ರು."

ತಮ್ಮನ ಹೆಂಡತಿ ಹಣೆ ಚಚ್ಚಿಕೊಂಡಳು. "ಅಯ್ಯೋ, ಅವ್ನೇ ಕಣಕ್ಕ, ಕಂಪ್ಲೇಂಟ್ ಕೊಟ್ಟೋನು! ಅವನ ಮಗಳ ಮದ್ವೇಲಿ ನಾವು ಮುಯ್ಯಿ ಓದ್ಸಿದ್ವಲ್ಲ. ಕೇಸಿನ್ ಪಾಡಿಗೆ ಕೇಸು, ಮುಯ್ಯಿ ಪಾಡಿಗೆ ಮುಯ್ಯಿ ಅಂದ್ಕಂಡವ್ನೆ."

ನನಗೆ ಎಲ್ಲಿತ್ತೋ ಆ ಸ್ವರ. "ಅವನ ದುಡ್ಡು ವಾಪಸ್ ಕೊಡಿ ಸ್ವಾಮಿ, ನಂದು ಹಾಕ್ಕಳಿ. ನಾನು ಒಡಹುಟ್ಟಿದೋಳು!" ಎಂದು ಕೂಗಿಯೇಬಿಟ್ಟೆ. ಗೇಟಿನ ಪೊಲೀಸರೂ ತಿರುಗಿ ನೋಡಿದರು.

"ಅಜ್ಜಿ, ಇದು ಜೈಲು. ಒಳಗೆ ಬಂದಿದ್ದನ್ನ ಕೋರ್ಟ್ ಹೇಳ್ದೆ ಹೊರಗೆ ಬಿಡಕಾಗಲ್ಲ."

ಆಮೇಲೆ ತಮ್ಮನನ್ನು ಜಾಲರಿಯ ಆಚೆ ತಂದು ನಿಲ್ಲಿಸಿದರು. ಸೊರಗಿರುತ್ತಾನೆ ಎಂದುಕೊಂಡಿದ್ದೆ, ಕೆನ್ನೆ ತುಂಬಿಕೊಂಡಿತ್ತು.

"ಎಲ್ರೂ ಹಾಕವ್ರೆ, ನಿಂದೇ ಇಲ್ವಲ್ಲಕ್ಕ," ಎಂದ.

"ಹಾಕಕ್ಕೇ ಬಂದೆ ಕಣ್ಲಾ. ಜಾಗವೇ ಇಲ್ಲ. ನೀನು ತಲೆ ಒಡೆದ್ಯಲ್ಲ, ಅವ್ನೂ ಹಾಕವ್ನೆ."

"ಥೂ! ಅವನ ದುಡ್ಡಲ್ಲಿ ನಾನು ಟೀ ಕುಡೀತೀನಾ?"

"ಆಗ್ಲೇ ಕುಡ್ದಿರ್ತೀಯ ಬುಡು," ಎಂದಳು ಹೆಂಡತಿ.

ಅವನು ಅವಳ ಕಡೆ ತಿರುಗಿದ. "ನಾವು ಹಾಕಿದ್ಕಿಂತ ಮೇಲೆ ಹಾಕವ್ನಾ?"

"ಹ್ಞೂಂ, ಕಿಟಕೀಲಿ ಕೇಳ್ಕಂಡೇ ಬಂದೆ."

"ಹಂಗಾರೆ ಮತ್ತೆ ನಾವೇ ತೀರಿಸ್ಬೇಕಾಯ್ತಲ್ಲೇ! ಅವನಿಗಿನ್ನೊಬ್ಳು ಮಗಳವ್ಳೆ," ಎಂದು ಕೈದಿಯಾಗಿ ನಿಂತಲ್ಲಿಂದಲೇ ಚಿಂತೆಗೆ ಬಿದ್ದ. ಹೊರಡುವಾಗ ಜಾಲರಿಗೆ ಬೆರಳು ಸಿಕ್ಕಿಸಿ ನನ್ನನ್ನು ಹತ್ತಿರ ಕರೆದ. "ಮುಂದಿನ ತಿಂಗ್ಳು ಒಂದನೇ ತಾರೀಕೇ ಬಂದ್ಬುಡಕ್ಕ, ಇವ್ರೆಲ್ಲ ಬರಕ್ ಮುಂಚೆ. ನಿನ್ ದುಡ್ಡಲ್ಲಿ ಒಂದು ಟೀ ಕುಡೀಬೇಕು."

ಬಸ್ಸಿನಲ್ಲಿ ಕೂತು ದೇವರಿಗೆ ಹರಕೆ ಹೊತ್ತೆ, ತಿಂಗಳೊಳಗೆ ಜಾಮೀನು ಕೊಡಿಸಪ್ಪಾ ಎಂದು. ಗುಬ್ಬಿ ಬರುವಷ್ಟರಲ್ಲಿ ಅದಕ್ಕೆ ಇನ್ನೊಂದು ಮಾತು ಸೇರಿಸಿದೆ: ಕೊಡಿಸದಿದ್ದರೆ, ಒಂದನೇ ತಾರೀಕು ಆ ಕಿಟಕಿಯ ಮುಂದೆ ನಾನೇ ಮೊದಲು ನಿಂತಿರುವ ಹಾಗೆ ಮಾಡಪ್ಪಾ.