ಕಚ್ಚಿಕೊಂಡ ಖಾಲಿ ತೋಟಾ

ನನ್ನದು ಮೊದಲಿನಿಂದಲೂ ಅನುಮಾನದ ಬುದ್ಧಿ. ಹಾಲಿನವನು ಪಾತ್ರೆಗೆ ಹಾಲು ಸುರಿಯುವಾಗ ನಾನು ಅವನ ಮುಖ ನೋಡುತ್ತೇನೆ. ನೀರು ಇದ್ದರೆ ಹಾಲಿನಲ್ಲಿರುತ್ತದೆ, ಮುಖದಲ್ಲಲ್ಲ ಎಂದು ಹೆಂಡತಿ ಛೇಡಿಸುತ್ತಾಳೆ. ಮೇಷ್ಟ್ರ ಕೆಲಸದಿಂದ ನಿವೃತ್ತನಾಗಿ, ಶಿವಮೊಗ್ಗದ ನಮ್ಮ ರೈಫಲ್ ಕ್ಲಬ್ಬಿನಲ್ಲಿ ಬಂದೂಕು ಒರೆಸಿ ಎಣ್ಣೆ ಹಚ್ಚಿಡುವ ಹೊಣೆ ಹೊತ್ತಾಗಲೂ ಈ ಬುದ್ಧಿ ಜೊತೆಗೇ ಬಂತು. ನವುಲೆಯ ಕಡೆ ಪ್ರತಿ ಭಾನುವಾರ ಗುರಿ ಅಭ್ಯಾಸ. ರಿಪೇರಿಗೆ ಭದ್ರಾವತಿಯಿಂದ ಒಬ್ಬ ಹಿರಿಯರು ಬರುತ್ತಿದ್ದರು. ಕಾರ್ಖಾನೆಯಲ್ಲಿ ಮೂವತ್ತು ವರ್ಷ ಲೇತ್ ಮೇಲೆ ದುಡಿದವರು. ಬಸ್ ಚಾರ್ಜನ್ನೂ ಕೇಳುತ್ತಿರಲಿಲ್ಲ. ಕೇಳದಿದ್ದುದೇ ನನಗೆ ಅನುಮಾನ.

ಕಳೆದ ವರ್ಷ ದಸರಾ ಮುಗಿದ ಮೇಲಿನ ಭಾನುವಾರ ಮೂರನೇ ನಂಬರಿನ ರೈಫಲ್ ಹಟ ಹಿಡಿಯಿತು. ಗುಂಡು ಹಾರುತ್ತಿತ್ತು, ಆದರೆ ಬೋಲ್ಟ್ ಎಳೆದರೆ ಖಾಲಿ ತೋಟಾ ಹೊರಗೆ ಬರುತ್ತಿರಲಿಲ್ಲ. ಪ್ರತಿ ಸಲವೂ ನಳಿಗೆಯ ಬಾಯಿಂದ ಸಲಾಕೆ ತೂರಿಸಿ ಅದನ್ನು ನೂಕಬೇಕಾಯಿತು. ತೋಟಾದ ಅಂಚನ್ನು ಕಚ್ಚಿ ಎಳೆಯುವುದು ಬೋಲ್ಟಿನ ತುದಿಯಲ್ಲಿರುವ ಉಕ್ಕಿನ ಪುಟ್ಟ ಕೊಕ್ಕೆ. ಹಬ್ಬಕ್ಕೆ ಮುಂಚೆ ಹಿರಿಯರು ಅದನ್ನು ಕರ್ಚೀಫಿನಲ್ಲಿ ಸುತ್ತಿ ಭದ್ರಾವತಿಗೆ ಒಯ್ದು, ಅರ ಹಾಕಿ ತಂದಿದ್ದರು. ಒಳ್ಳೆಯದನ್ನು ಇಟ್ಟುಕೊಂಡು ಕಳಪೆಯದನ್ನು ಹಾಕಿದ್ದಾರೆ ಎಂದು ನನ್ನ ಮನಸ್ಸು ಆಗಲೇ ತೀರ್ಪು ಬರೆದಿತ್ತು.

ಅವರು ರೈಫಲ್ ತೆಗೆದುಕೊಂಡು, ತೋಟಾ ಕೂರುವ ಗೂಡಿಗೆ, ಅಂದರೆ ಚೇಂಬರಿಗೆ, ಟಾರ್ಚ್ ಬಿಟ್ಟು ನೋಡಿದರು. ಟಾರ್ಚ್ ಆರಿಸಿ ನನ್ನತ್ತ ತಿರುಗಿದರು.

"ಕೊಕ್ಕೆ ಸರಿಯಾಗಿದೆ ಮೇಷ್ಟ್ರೇ. ಚೇಂಬರ್ ಕೊಳೆ ಆಗಿದೆ. ನೀವೊಬ್ರೇ ಕೂತ್ಕೊಂಡು ಒಂದ್ಸಲ ಕ್ಲೀನ್ ಮಾಡ್ಬಿಡಿ," ಎಂದರು.

ಒರೆಸುವುದು ನನ್ನ ಕೆಲಸ. ವಾರವಾರವೂ ನಳಿಗೆಯಲ್ಲಿ ಬಟ್ಟೆ ಎಳೆಯುವವನು ನಾನು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ನಾನು ಕುಂಬಳಕಾಯಿಯನ್ನೇ ಅವರ ಹೆಗಲಿಗೆ ಹೊರಿಸಿದೆ. ಹನ್ನೊಂದು ಜನ ಸದಸ್ಯರೆದುರು, ಇವರು ಕೊಕ್ಕೆ ಬದಲಾಯಿಸಿದ್ದಾರೆ ಎಂದುಬಿಟ್ಟೆ. ಅವರು ವಾದಿಸಲಿಲ್ಲ. ಸ್ಕ್ರೂಡ್ರೈವರ್‌ಗಳನ್ನು ಬಟ್ಟೆ ಚೀಲಕ್ಕೆ ಹಾಕಿಕೊಂಡು ಬಸ್ ಸ್ಟಾಪಿನತ್ತ ನಡೆದರು. ವಾದಿಸದೆ ಹೋದದ್ದೂ ನನಗೆ ಸಾಕ್ಷಿಯಾಗಿಯೇ ಕಂಡಿತು.

ಬೆಂಗಳೂರಿನಿಂದ ಹೊಸ ಕೊಕ್ಕೆ ತರಿಸಿದೆವು. ತೋಟಾ ಮತ್ತೆ ಕಚ್ಚಿಕೊಂಡಿತು. ಗುಂಡಿನ ಡಬ್ಬಿಯನ್ನು ಅನುಮಾನಿಸಿದೆ. ಅದೇ ಡಬ್ಬಿಯದು ಎರಡನೇ ನಂಬರಿನಲ್ಲಿ ಸಲೀಸಾಗಿ ಹೊರಬಂತು. ಅನುಮಾನಿಸಲು ಇನ್ನೇನೂ ಉಳಿಯದೆ ಒಂದು ಮಧ್ಯಾಹ್ನ ಒಬ್ಬನೇ ಕೂತೆ. ಚೇಂಬರ್ ನಳಿಗೆಗಿಂತ ಒಂದಿಷ್ಟೇ ಅಗಲ. ನಳಿಗೆಯ ಅಳತೆಗೆ ಕತ್ತರಿಸಿದ ನನ್ನ ಬಟ್ಟೆ ಅದರ ಗೋಡೆಗೆ ಸರಿಯಾಗಿ ತಾಗದೆ ದಾಟಿಹೋಗುತ್ತಿತ್ತು ಎಂದು ಆಗ ಹೊಳೆಯಿತು. ದಪ್ಪ ಬ್ರಷ್ಷನ್ನು ಎಣ್ಣೆಗೆ ಅದ್ದಿ ಒಳಗೆ ತಿರುಗಿಸಿ, ಬಿಳಿ ಬಟ್ಟೆಯಿಂದ ಒರೆಸಿದೆ. ಮಸಿಯ ಜೊತೆ ಹಳದಿ ಬಂತು, ಕೆಂಪು ಬಂತು. ಮೂಗಿಗೆ ಹಿಡಿದೆ. ಗಂಧದ ವಾಸನೆ.

ಆಯುಧಪೂಜೆಯ ದಿನ ಎಲ್ಲ ಬಂದೂಕುಗಳ ಪರವಾಗಿ ಮೂರನೇ ನಂಬರನ್ನು ಮಣೆಯ ಮೇಲಿಟ್ಟು ಪೂಜಿಸಿದವನು ನಾನೇ. ಖಾಲಿ ಇದೆಯೆಂದು ಕಾಣಲು ಬೋಲ್ಟ್ ತೆರೆದಿಡುವುದು ನಮ್ಮ ನಿಯಮ. ಮರದ ಹಿಡಿಗೆ ಹಚ್ಚಿದರೆ ಸಾಲದು, ಬೆಂಕಿ ಹುಟ್ಟುವ ಜಾಗಕ್ಕೇ ಸಲ್ಲಬೇಕು ಎಂದು, ಊದುಬತ್ತಿಯ ಕಡ್ಡಿಯಿಂದ ಗಂಧ, ಅರಿಸಿನ, ಕುಂಕುಮವನ್ನು ಆ ಗೂಡಿಗೆ ಬಳಿದಿದ್ದೆ. ಅದು ಒಣಗಿ ಗಟ್ಟಿಯಾಗಿ, ಸಿಡಿದು ಉಬ್ಬಿದ ತೋಟಾವನ್ನು ಹಿಡಿದುಕೊಳ್ಳುತ್ತಿತ್ತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ. ನನಗೆ ನಿಜವಾದ ಹಳದಿಯೇ ಕಂಡಿರಲಿಲ್ಲ.

ಮರುದಿನ ಭದ್ರಾವತಿಗೆ ಹೋದೆ. ಹಿರಿಯರು ಜಗಲಿಯಲ್ಲಿ ಯಾರದೋ ಮಿಕ್ಸಿ ಬಿಚ್ಚಿಕೊಂಡು ಕೂತಿದ್ದರು. ಬಟ್ಟೆಯ ತುಂಡು ತೋರಿಸಿದೆ.

"ಅವತ್ತೇ ನೋಡಿದ್ದೆ," ಎಂದರು. "ಪೂಜೆ ಮಾಡಿದ್ದು ನೀವು ಅಂತ ಎಲ್ರಿಗೂ ಗೊತ್ತು. ಅಷ್ಟು ಜನರ ಮುಂದೆ ಕುಂಕುಮ ಅಂದ್ರೆ ನಿಮ್ ಮರ್ಯಾದೆ ಹೋಗುತ್ತೆ ಅಂತ ಕೊಳೆ ಅಂದೆ."

ತಪ್ಪಾಯಿತು ಎಂದೆ. ಭಾನುವಾರ ಬರಲೇಬೇಕು ಎಂದು ಬೇಡಿಕೊಂಡೆ. ಅವರು ಮಿಕ್ಸಿಯಿಂದ ಕಣ್ಣೆತ್ತಲಿಲ್ಲ.

"ನನಗೆ ಹೇಳಿ ಏನ್ ಬಂತು ಮೇಷ್ಟ್ರೇ, ನನಗೆ ಮೊದಲೇ ಗೊತ್ತಿತ್ತಲ್ಲ. ಗೊತ್ತಿಲ್ದೇ ಇರೋರಿಗೆ ಹೇಳಿ."

ಭಾನುವಾರ ಅದೇ ಹನ್ನೊಂದು ಜನರೆದುರು ಆ ಬಟ್ಟೆಯ ತುಂಡನ್ನು ಬಿಡಿಸಿಟ್ಟು, ಎಲ್ಲವನ್ನೂ ಹೇಳಿದೆ. ಒಂದಿಬ್ಬರು ನಕ್ಕರು. ನಾನು ಗೇಟಿನ ಕಡೆ ನೋಡುತ್ತಲೇ ಮಾತಾಡಿದೆ. ಹಿರಿಯರು ಬರಲಿಲ್ಲ, ಆಮೇಲಿನ ಭಾನುವಾರವೂ ಬರಲಿಲ್ಲ. ಮೂರನೇ ನಂಬರಿನಲ್ಲಿ ತೋಟಾ ಈಗ ಸಲೀಸಾಗಿ ಹೊರಬಂದು ನೆಲಕ್ಕೆ ಬೀಳುತ್ತದೆ, ನಾನು ಬಗ್ಗಿ ಹೆಕ್ಕುತ್ತೇನೆ.