ಗೋಣಿ ಹೊದ್ದ ಗುಂಡಿನ ಮೇಜು

ಬೇಸಿಗೆಯಲ್ಲಿ ಒದ್ದೆ ಗೋಣಿಚೀಲದ ವಾಸನೆ ಮೂಗಿಗೆ ಬಡಿದರೆ ಈಗಲೂ ನನ್ನ ಕಾಲು ಅಲ್ಲೇ ನಿಂತುಬಿಡುತ್ತದೆ. ಕೊಳ್ಳೇಗಾಲದ ಸಂತೆಯಲ್ಲಿ ಸತ್ತೇಗಾಲದ ಕಡೆಯ ಹೆಂಗಸರು ಸೊಪ್ಪಿನ ಕಟ್ಟುಗಳ ಮೇಲೆ ನೀರು ಚಿಮುಕಿಸಿ ಗೋಣಿ ಹೊದಿಸಿರುತ್ತಾರಲ್ಲ, ಸೆಣಬು, ಮಣ್ಣು, ನೀರು ಕೂಡಿದ ಆ ತಣ್ಣನೆಯ ವಾಸನೆಯೇ ನಮ್ಮ ಮಗ್ಗದ ಮನೆಯ ವಾಸನೆ. ನೇಯುವವರ ಮನೆಯಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರೇಷ್ಮೆಯ ಎಳೆ ಒಣಹವೆಗೆ ಗರಿಗರಿಯಾಗಿ ಪಟಪಟನೆ ಕಿತ್ತುಹೋಗುತ್ತದೆ. ಅದಕ್ಕೇ ಶಿವರಾತ್ರಿ ಕಳೆಯಿತೆಂದರೆ ಅಜ್ಜಿ ಗೋಣಿಗಳನ್ನು ಬಾನಿಯಲ್ಲಿ ನೆನೆಸಿ, ಹಿಂಡಿ, ಮಗ್ಗದ ಕೆಳಗೆ ಹಾಸುತ್ತಿದ್ದಳು, ಕಿಟಕಿಗೆ ಇಳಿಬಿಡುತ್ತಿದ್ದಳು. ಮಕ್ಕಳ ಹಣೆ ಮುಟ್ಟಿ ಜ್ವರ ನೋಡುವ ಹಾಗೆ ಮಗ್ಗಕ್ಕೆ ಬಿಗಿದ ಹಾಸಿನ ಎಳೆಗಳನ್ನು ಬೆರಳ ಬೆನ್ನಿನಿಂದ ಮುಟ್ಟಿ ನೋಡುತ್ತಿದ್ದಳು. ಆ ಕೈಯ ಪ್ರೀತಿಯೇ ಒಂದು ಸಲ ನಮ್ಮ ಬೀದಿಯ ಕೊನೆಯ ಆಸೆಯನ್ನು ಕೊಳೆಯಿಸಿಬಿಟ್ಟಿತು. ಅದು ಅವಳಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

ನಮ್ಮ ಬೀದಿಯ ತುದಿಯಲ್ಲಿ ನೇಕಾರರ ಭವನವೆಂಬ ಹೆಂಚಿನ ಕಟ್ಟಡವಿತ್ತು. ಅದರ ತೊಲೆಗಳನ್ನು ಹೆಗಲ ಮೇಲೆ ಹೊತ್ತು ತಂದವರಲ್ಲಿ ನನ್ನ ತಾತನೂ ಒಬ್ಬ. ಅಮಾವಾಸ್ಯೆಯ ದಿನ ಮಗ್ಗಕ್ಕೆ ರಜೆ. ಆವತ್ತು ಗಂಡಸರೆಲ್ಲ ಅಲ್ಲಿ ಸೇರಿ ಪೇಪರು ಓದುತ್ತಿದ್ದರಂತೆ, ಜಗಳಗಳನ್ನು ತೀರಿಸುತ್ತಿದ್ದರಂತೆ. ನಾನು ಬುದ್ಧಿ ಬಂದು ನೋಡುವ ಹೊತ್ತಿಗೆ ಮನೆಮನೆಗೆ ಟಿವಿ ಬಂದು, ಭವನದಲ್ಲಿ ಪಾರಿವಾಳಗಳಷ್ಟೇ ಸಭೆ ಸೇರುತ್ತಿದ್ದವು. ಬೀದಿಯ ಯಜಮಾನರಾಗಿದ್ದ ಗುರುಸಿದ್ದಪ್ಪನವರು ಒಂದು ದಿನ ನಮ್ಮ ಜಗಲಿಯ ಮೇಲೆ ಕೂತು, "ಕಸ ಗುಡ್ಸೋಕೂ ಒಬ್ರು ಬರಲ್ಲ ಅಲ್ಲಿಗೆ. ಯುಗಾದಿ ಸಭೇಲಿ ತೀರ್ಮಾನ ಮಾಡಿ ಗೊಬ್ಬರದ ಗೋಡೌನಿಗೆ ಕೊಟ್ಬುಡವ" ಅಂದರು. ನನ್ನ ಚಿಕ್ಕಪ್ಪ ನಂಜುಂಡ ಲಾಳಿಯನ್ನು ಕೈಯಲ್ಲೇ ಹಿಡಿದು ಒಳಗಿನಿಂದ ಬಂದ. "ಅಷ್ಟ್ರೊಳಗೆ ಜನ ಬಂದ್ರೆ?" ಎಂದ. "ಬಂದ್ರೆ ಯಾರ್ ಬ್ಯಾಡ ಅಂದರು? ಬರ್ಸೋಕೆ ನೀನೇನ್ಲಾ ಕೋತಿ ಕುಣಿಸ್ತೀಯಾ?" ಎಂದು ಯಜಮಾನರು ನಕ್ಕರು. ಚಿಕ್ಕಪ್ಪ ನಗಲಿಲ್ಲ. ಅವನು ಮದುವೆಯಾಗಿರಲಿಲ್ಲ, ಅಪ್ಪನ ಗುರುತಾಗಿ ಅವನಿಗೆ ಉಳಿದಿದ್ದದ್ದು ಆ ತೊಲೆಗಳು ಮಾತ್ರ.

ಆ ದೀಪಾವಳಿಗೆ ಮುಂಚೆ ಜರಿ ತರಲು ಕೊಯಮತ್ತೂರಿಗೆ ಹೋದವನು ಜರಿಯ ಜೊತೆಗೆ ಇನ್ನೊಂದನ್ನೂ ತಂದ. ಊಟಿಯ ಯಾವುದೋ ಎಸ್ಟೇಟ್ ಕ್ಲಬ್ಬು ಮುಚ್ಚಿದಾಗ ಗುಜರಿಗೆ ಬಿದ್ದಿದ್ದ ಪಿನ್‌ಬಾಲ್ ಮೆಷಿನ್ನು. ಕಾಡಿನ ದಾರಿಯಲ್ಲಿ, ಲೊಕ್ಕನಹಳ್ಳಿಯ ಮೇಲೆ ಹಾದು ಬಂದ ಲಾರಿಯಿಂದ ಅದನ್ನು ಭವನದ ಮುಂದೆ ಹೆಣದ ಹಾಗೆ ಇಳಿಸಿದರು. ಇಳಿಜಾರಾದ ಮೇಜು, ಮೇಲೆ ಗಾಜು, ಒಳಗೆ ಬಣ್ಣಬಣ್ಣದ ಗೂಟಗಳು, ದೀಪಗಳು. ಸ್ಪ್ರಿಂಗಿನ ಕೋಲನ್ನು ಎಳೆದು ಬಿಟ್ಟರೆ ಉಕ್ಕಿನ ಗುಂಡು ಮೇಲಕ್ಕೆ ಹಾರಿ, ಗೂಟಕ್ಕೆ ತಗುಲಿ ಟಿಣ್ ಟಿಣ್ ಎನ್ನುತ್ತ ಇಳಿಯುತ್ತದೆ. ಅದು ಕೆಳಗಿನ ತೂತಿಗೆ ಬೀಳದ ಹಾಗೆ ಎರಡು ಪುಟ್ಟ ರೆಕ್ಕೆಗಳಿಂದ ಮತ್ತೆ ಮತ್ತೆ ಹೊಡೆದು ಕಳಿಸಬೇಕು. ಅಷ್ಟೇ ಆಟ. ನಮ್ಮೂರಿನ ಕರೆಂಟಿಗೆ ಅದನ್ನು ಒಗ್ಗಿಸಲು ಚಿಕ್ಕಪ್ಪ ಟ್ರಾನ್ಸ್‌ಫಾರ್ಮರ್ ಕೂಡಿಸಿದ, ಸವೆದ ರಬ್ಬರಿನ ಜಾಗಕ್ಕೆ ಸೈಕಲ್ ಟ್ಯೂಬು ಕತ್ತರಿಸಿ ತೊಡಿಸಿದ. ಕಾಸು ಹಾಕುವ ಬಾಯಿಗೆ ಮಾತ್ರ ತಗಡು ಬಡಿದು ಮುಚ್ಚಿಬಿಟ್ಟ. "ಭವನ ಎಲ್ರುದು. ಆಟನೂ ಎಲ್ರುದೇ" ಎಂದ.

ಮೇಜಿನ ತಲೆಯ ಕಡೆ ನಿಲ್ಲಿಸಿದ್ದ ಚಿತ್ರದ ಗಾಜಿನಲ್ಲಿ ಈಜುಡುಗೆ ತೊಟ್ಟ ಪರದೇಶದ ಹೆಣ್ಣೊಬ್ಬಳು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಅಜ್ಜಿ ಅವಳನ್ನು ಬಹಳ ಹೊತ್ತು ನೋಡಿದಳು. "ಯಾವ ತಾಯಿ ಮಗ್ಳೋ, ಪಾಪ, ಚಳೀಲಿ ನಿಂತವ್ಳೆ" ಎಂದು ಮನೆಗೆ ಹೋಗಿ, ಸೀರೆಯಿಂದ ಮಿಕ್ಕಿದ್ದ ಹಸಿರು ಅಂಚಿನ ತುಂಡನ್ನು ತಂದು ಅವಳ ಭುಜದಿಂದ ಮಂಡಿಯವರೆಗೆ ಗಂಜಿ ಹಚ್ಚಿ ಅಂಟಿಸಿದಳು. "ಅವ್ವ, ಅಂಗೇ ಒಂದು ಕುಂಕುಮನೂ ಇಕ್ಬುಡು, ಗಂಡು ನೋಡವ" ಎಂದ ಚಿಕ್ಕಪ್ಪ. "ಮೊದ್ಲು ನಿಂಗೆ ನೋಡವ ಸುಮ್ಕಿರ್ಲಾ" ಎಂದಳು ಅಜ್ಜಿ.

ಆಮೇಲಿನ ಅಮಾವಾಸ್ಯೆಗಳೇ ಬೇರೆ. ಗಂಡಸರಿಗಷ್ಟೇ ಆಗಿದ್ದ ಭವನಕ್ಕೆ ಹೆಂಗಸರು ಬಂದರು. ಕುಂತೂರಿನ ಫ್ಯಾಕ್ಟರಿಗೆ ಕಬ್ಬು ಹೊಡೆಯುವ ಟ್ರ್ಯಾಕ್ಟರಿನವರು ಬಂದರು, ಯಳಂದೂರಿನಿಂದ ನೆಂಟರು ಬಂದರು, ಬಸ್ಸು ತಪ್ಪಿದ ಹನೂರಿನ ರೈತರು ಬುತ್ತಿಯ ಗಂಟನ್ನು ಕಂಕುಳಲ್ಲಿಟ್ಟುಕೊಂಡೇ ಸರದಿಯಲ್ಲಿ ನಿಂತರು. ಗುಂಡು ತೂತಿನ ಕಡೆ ಜಾರಿದರೆ ಸುತ್ತ ನಿಂತವರೆಲ್ಲ "ಒಡೀಲಾ, ಒಡೀಲಾ!" ಎಂದು ಕೂಗುತ್ತಿದ್ದರು. ನಗುತ್ತಿದ್ದ ಗುರುಸಿದ್ದಪ್ಪನವರೇ ಪಂಚೆ ಎತ್ತಿ ಕಟ್ಟಿ ಆಡಿ, ಸೋತು, "ಇದು ವಾಲಿಕೊಂಡದೆ ಕಣ್ರಿ" ಎಂದು ಮೇಜನ್ನು ಬೈದರು. ಮಗ್ಗದಲ್ಲಿ ಪಳಗಿದ ಕೈಗಳಿಗೆ ಎಡಬಲದ ಲೆಕ್ಕ ಹೇಳಿಕೊಡಬೇಕಾಗಿರಲಿಲ್ಲ. ಅಜ್ಜಿ ಕಣ್ಣುಮುಚ್ಚಿ, ಸದ್ದನ್ನು ಕೇಳಿಯೇ ಗುಂಡನ್ನು ಹೊಡೆಯುತ್ತಿದ್ದಳು.

ಶಿವರಾತ್ರಿಯ ಆಚೆಗೆ ಒಂದು ಮಧ್ಯಾಹ್ನ ಸುಟ್ಟ ವಾಸನೆ ಬಂದು ಎಡಗಡೆಯ ರೆಕ್ಕೆ ಸತ್ತುಹೋಯಿತು. ಚಿಕ್ಕಪ್ಪ ಒಳಗಿನಿಂದ ತಾಮ್ರದ ತಂತಿ ಸುತ್ತಿದ ಕಾಯಿಲನ್ನು ಬಿಚ್ಚಿ ತೋರಿಸಿದ. ಅಜ್ಜಿ ಅದನ್ನು ಅಂಗೈಯಲ್ಲಿ ತಿರುಗಿಸಿ ನೋಡಿದಳು. "ಇದೂ ಕಂಡಿಕೆನೇ ಅಲ್ವೇನ್ಲಾ, ನಾವು ಲಾಳಿಗೆ ಸುತ್ತೋ ಅಂಥದ್ದೇ. ಕಾವಿಗೆ ಎಳೆ ಕಿತ್ತೋಗದೆ, ಅಷ್ಟೇಯ." ಚಿಕ್ಕಪ್ಪ ಹೊಸದನ್ನು ಸುತ್ತಿಸಿ ತರಲು ಕೊಯಮತ್ತೂರಿಗೆ ಹೊರಟ. "ಯುಗಾದಿ ಒಳಗೆ ಬಂದ್ಬುಡ್ತೀನಿ. ಜೋಪಾನ ಕಣವ್ವ" ಎಂದು ಭವನದ ಬೀಗದ ಕೈಯನ್ನು ಅವಳ ಸೆರಗಿಗೆ ಕಟ್ಟಿದ.

ಅವಳು ಜೋಪಾನ ಮಾಡಿದಳು. ತನಗೆ ಗೊತ್ತಿದ್ದ ಹಾಗೆಯೇ ಮಾಡಿದಳು. ಹೆಂಚಿನ ಕೆಳಗೆ ಬೆಂಕಿಯಂಥ ಸೆಖೆ. ಒಳಗಿನ ಉಳಿದ ಕಂಡಿಕೆಗಳ ಎಳೆಯೂ ಕಿತ್ತುಹೋದರೆ ಗತಿಯೇನು? ದಿನಾ ಬೆಳಿಗ್ಗೆ ಬಕೆಟ್ಟು ಹೊತ್ತು ಹೋಗಿ, ಮೇಜಿನ ಕೆಳಗೊಂದು ಮೇಲೊಂದು ಒದ್ದೆ ಗೋಣಿ ಹಾಸಿ, ಸಂಜೆ ಮತ್ತೆ ನೀರು ಚಿಮುಕಿಸಿ ಬರುತ್ತಿದ್ದಳು. ನೋಡಿದ ಬೀದಿಯವರೆಲ್ಲ ಮೆಚ್ಚಿದರು. ಅಲ್ಲಿದ್ದವರೆಲ್ಲ ನೇಯುವವರೇ, ಯಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ.

ಚಿಕ್ಕಪ್ಪ ಯುಗಾದಿಯ ಹಿಂದಿನ ಅಮಾವಾಸ್ಯೆಯ ಬೆಳಿಗ್ಗೆ ಬಂದ. ಬಸ್‌ಸ್ಟ್ಯಾಂಡಿನಿಂದ ಸೀದಾ ಭವನಕ್ಕೆ ಹೋದವನ ಹಿಂದೆ ನಾನೂ ಅಜ್ಜಿಯೂ ಓಡಿದೆವು. ಅವನು ಗೋಣಿಯನ್ನು ಎತ್ತಿದ. ಮೇಜಿನ ಹಲಗೆ ನೆನೆದ ಅವಲಕ್ಕಿಯ ಹಾಗೆ ಉಬ್ಬಿ ಪದರಪದರವಾಗಿ ಎದ್ದಿತ್ತು. ಗಾಜಿನ ಒಳಗೆಲ್ಲ ಬೆವರು. ಗೂಟಗಳು ಓರೆಯಾಗಿದ್ದವು, ತಂತಿಗಳಿಗೆ ಹಸಿರು ಕಿಲುಬು, ಉಕ್ಕಿನ ಗುಂಡಿಗೆ ಕೆಂಪು ತುಕ್ಕು. "ನೋಡ್ಲಾ, ಒಂದಿನನೂ ಒಣಗಕ್ಕೆ ಬುಟ್ಟಿಲ್ಲ" ಎಂದಳು ಅಜ್ಜಿ, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ. ಚಿಕ್ಕಪ್ಪ ಅವಳ ಮುಖವನ್ನು ನೋಡಿದ. ನೀರಿನಲ್ಲೇ ಇದ್ದು ಬಿಳಿಚಿಕೊಂಡಿದ್ದ ಅವಳ ಬೆರಳುಗಳನ್ನು ನೋಡಿದ. ಗೋಣಿಯನ್ನು ಮೆತ್ತಗೆ ಮೊದಲಿನ ಹಾಗೆಯೇ ಹೊದಿಸಿದ. "ಚೆನ್ನಾಗಿ ನೋಡ್ಕಂಡಿದ್ದೀಯ ಕಣವ್ವ. ಆದ್ರೆ ಕಾಯಿಲ್ ಸಿಕ್ನಿಲ್ಲ" ಎಂದ. ಅವನ ಚೀಲದ ಬಾಯಿಂದ ಹೊಸ ಕಾಯಿಲಿನ ತಾಮ್ರ ಹೊಳೆಯುತ್ತಿದ್ದದ್ದು ನನಗೆ ಕಾಣುತ್ತಿತ್ತು. ಅವನು ನನ್ನ ಕಡೆ ಒಮ್ಮೆ ನೋಡಿ, ಚೀಲದ ಬಾಯನ್ನು ಮಡಿಸಿದ.

ಸಭೆಯಲ್ಲೂ ಅವನು ಅದನ್ನೇ ಹೇಳಿದ. "ಆಟದ ಸಾಮಾನ್ಗೆ ಬಿಡಿಭಾಗ ಎಲ್ಲಿ ಸಿಕ್ತದೆ ಅಂತನೂ ತಿಳೀದೆ ತಂದ್ಯೇನ್ಲಾ" ಎಂದು ಯಜಮಾನರಿಂದ ಬೈಸಿಕೊಂಡ. ಆಟವಿಲ್ಲದೆ ಜನ ಬರುವುದಿಲ್ಲವೆಂದು ಭವನ ಗೊಬ್ಬರದವರಿಗೆ ಹೋಯಿತು. ಮೂಟೆಗಳು ತಾತನ ತೊಲೆಯವರೆಗೆ ಏರಿದವು. ಮೇಜು ನಮ್ಮ ಮಗ್ಗದ ಮನೆಯ ಮೂಲೆಗೆ ಬಂತು. ಅಲ್ಲಿಂದಾಚೆ ಪ್ರತಿ ಬೇಸಿಗೆಯಲ್ಲೂ ಅಜ್ಜಿ ಮಗ್ಗದ ಕೆಳಗೆ ಗೋಣಿ ಹಾಸುವಾಗ ಅದಕ್ಕೂ ಒಂದನ್ನು ನೆನೆಸಿ ಹೊದಿಸುತ್ತಿದ್ದಳು. ಬೇಡ ಎಂದರೆ ಯಾಕೆ ಎನ್ನುತ್ತಾಳೆ. ಯಾಕೆ ಎಂದರೆ ಹೇಳಬೇಕಾಗುತ್ತದೆ. ಚಿಕ್ಕಪ್ಪ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು, ಅದು ತನ್ನ ಕಣ್ಣೆದುರೇ ಕರಗುವುದನ್ನು ನೋಡುತ್ತ ನೇಯುತ್ತಿದ್ದ. ಅವನು ಕೊಯಮತ್ತೂರಿನ ಕಡೆ ಹೊರಟಾಗಲೆಲ್ಲ ಅಜ್ಜಿ ಕೇಳುತ್ತಿದ್ದಳು: "ಆ ಕಂಡಿಕೆ ಸಿಕ್ತದೇನೋ ನೋಡ್ಲಾ ಮಗ." "ನೋಡ್ತೀನಿ ಕಣವ್ವ" ಎನ್ನುತ್ತಿದ್ದ. ಸಾಯುವ ವಾರದಲ್ಲೂ ಅವಳು ಅದನ್ನೇ ಕೇಳಿದಳು, ಅವನು ಅದನ್ನೇ ಹೇಳಿದ.

ಈಗ ಚಿಕ್ಕಪ್ಪನೂ ಇಲ್ಲ. ಮಗ್ಗದ ಗುಂಡಿಗೆ ಮಣ್ಣು ತುಂಬಿ ಸಿಮೆಂಟು ಹಾಕಿದ್ದೇವೆ. ಬೀದಿಯಲ್ಲಿ ಲಾಳಿಯ ಸದ್ದೇ ಇಲ್ಲ. ಹೋದ ತಿಂಗಳು ಮೈಸೂರಿನಿಂದ ಒಬ್ಬರು ವಿಚಾರಿಸಿಕೊಂಡು ಬಂದಿದ್ದರು. ಹಳೆಯ ಪಿನ್‌ಬಾಲ್ ಮೆಷಿನ್ನುಗಳನ್ನು ಹುಡುಕಿ, ರಿಪೇರಿ ಮಾಡಿ, ಲೈಬ್ರರಿಗಳಲ್ಲಿ, ಸಮುದಾಯ ಭವನಗಳಲ್ಲಿ ಇಡುತ್ತಾರಂತೆ. "ಯಾರು ಬೇಕಾದ್ರೂ ಆಡಬಹುದು ಮೇಡಂ, ದುಡ್ಡಿಲ್ಲದೆ" ಎಂದು ಹೊಸದೇನನ್ನೋ ಹೇಳುವವರ ಉತ್ಸಾಹದಲ್ಲಿ ಹೇಳಿದರು. ನಾನು ಹಿತ್ತಿಲಿನ ಕೊಟ್ಟಿಗೆಗೆ ಕರೆದುಕೊಂಡು ಹೋದೆ. ಗೆದ್ದಲು ತಿಂದ ಪುಡಿ, ಕಬ್ಬಿಣದ ಕಾಲುಗಳು, ಚಿತ್ರದ ಗಾಜು. ಅವರು ಬಗ್ಗಿ ನೋಡಿ, "ಎಂಥ ಮೆಷಿನ್ನು! ನೀರು ಬೀಳೋಕೆ ಬಿಟ್ಟಿದ್ದೀರಲ್ಲ" ಎಂದರು. ನಾನು ಗೋಡೆಯ ಗೂಡಿನಲ್ಲಿ ಚಿಕ್ಕಪ್ಪ ಬಚ್ಚಿಟ್ಟಿದ್ದ ಕಾಯಿಲನ್ನು ತಂದು ಕೊಟ್ಟೆ. ಒಂದು ಸಲವೂ ಕರೆಂಟು ಕಾಣದ ಅದು ಹೊಸದಾಗಿಯೇ ಇತ್ತು.

ಗಾಜನ್ನೂ ಒಯ್ಯುತ್ತೇನೆ ಎಂದರು. ಕೊಟ್ಟೆ. ಅವರು ಬಟ್ಟೆಯಿಂದ ಧೂಳು ಒರೆಸಿ, ಅಜ್ಜಿ ಅಂಟಿಸಿದ್ದ ಹಸಿರು ಅಂಚನ್ನು ಉಗುರಿನಿಂದ ಎಬ್ಬಿಸಿ ಎಳೆದರು. ಗಂಜಿ ಒಣಗಿದ್ದರಿಂದ ಸಲೀಸಾಗಿ ಬಂತು. "ಇದನ್ನ ಯಾರೋ ಅಂಟಿಸಿಬಿಟ್ಟಿದ್ದಾರೆ" ಎಂದು ನನ್ನ ಕೈಗೆ ಕೊಟ್ಟು, ಗಾಜನ್ನು ಹೊತ್ತು ಹೊರಟರು. ಬಾಗಿಲು ದಾಟುವವರೆಗೂ ಆ ಹೆಣ್ಣು ಬರಿಮೈಯಲ್ಲಿ ನನ್ನ ಕಡೆಗೇ ನೋಡುತ್ತಿದ್ದಳು. ಅಂಚನ್ನು ಮಡಿಸಿಡೋಣವೆಂದು ಹೋದೆ. ರೇಷ್ಮೆ ಒಣಗಿ ಗರಿಗರಿಯಾಗಿತ್ತು. ಮಡಿಸಿದಲ್ಲೆಲ್ಲ ಎಳೆ ಕಿತ್ತು ಬಂತು.